ಸಾಲ ಮಾಡಿ ಓದಿದ ಡಾಕ್ಟರು: ಬಾಬಾಸಾಹೇಬ ಅಂಬೇಡ್ಕರ್



ನಮ್ಮ ಸಂಘದ ಕಚೇರಿಯ ಗೋಡೆಗೆ ತೂಗುಹಾಕಿರುವ ಫೋಟೋಗಳಲ್ಲಿ ನೀಲಿ ಕೋಟು, ದುಂಡು ಕನ್ನಡಕದ ಬಾಬಾಸಾಹೇಬರ ಫೋಟೋ ಕೂಡ ಇದೆ. ಅದರ ಕೆಳಗೆ ಡಾ. ಬಿ.ಆರ್. ಅಂಬೇಡ್ಕರ್ ಎಂದು ಬರೆದಿದೆ. ಒಮ್ಮೆ ರಸಗೊಬ್ಬರಕ್ಕೆಂದು ಅಪ್ಪನ ಜೊತೆ ಬಂದಿದ್ದ ಹುಡುಗನೊಬ್ಬ, ಇವರು ಯಾವ ಆಸ್ಪತ್ರೆಯ ಡಾಕ್ಟರು ಅಂತ ಕೇಳಿಬಿಟ್ಟ. ಅಲ್ಲಿದ್ದವರೆಲ್ಲ ನಕ್ಕೆವು. ಆದರೆ ಅವರಿಗೆ ಆ 'ಡಾ.' ಯಾವ ವಿಷಯದಲ್ಲಿ ಬಂತು ಅಂತ ನಮ್ಮಲ್ಲೇ ಒಬ್ಬರು ಕೇಳಿದಾಗ ಅರ್ಧ ಜನ ಕಾನೂನು ಅಂದರು, ಉಳಿದವರು ಸುಮ್ಮನಾದರು. ಸಂವಿಧಾನ ಬರೆದವರಲ್ಲವೇ, ಕಾನೂನೇ ಇರಬೇಕು ಅಂತ ನಮ್ಮ ಲೆಕ್ಕ.

ಆ ಲೆಕ್ಕ ತಪ್ಪು. ಅವರು ಬ್ಯಾರಿಸ್ಟರೂ ಹೌದು. ಆದರೆ ಓದಿ, ಪ್ರಬಂಧ ಬರೆದು ಅವರು ಪಡೆದ ಎರಡು ಡಾಕ್ಟರೇಟುಗಳೂ ಅರ್ಥಶಾಸ್ತ್ರದಲ್ಲಿ. ಒಂದು ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಪಿಎಚ್.ಡಿ., ಇನ್ನೊಂದು ಲಂಡನ್ ವಿಶ್ವವಿದ್ಯಾಲಯದ ಡಿ.ಎಸ್ಸಿ. ರೂಪಾಯಿ, ಕಂದಾಯ, ಹೊಲ, ಸಾಲ ಇವೇ ಅವರ ವಿಷಯ. ಅಂದರೆ ನಮ್ಮ ಸಂಘದ ಕಟ್ಟೆಯ ಮೇಲೆ ದಿನಾ ನಡೆಯುವ ಮಾತೇ ಅವರ ವಿದ್ಯೆ.

ಈ ಬೆಳ್ಳಿಹಬ್ಬದ ಸಂಚಿಕೆಗೆ ಅವರ ಜೀವನವನ್ನು ಆರಿಸಿಕೊಳ್ಳಲು ಇನ್ನೊಂದು ಕಾರಣ ಉಂಟು. ನಮ್ಮ ಸರ್ವಸಾಧಾರಣ ಸಭೆಯಲ್ಲಿ ಮಕ್ಕಳ ಉನ್ನತ ಓದಿಗೆ ಸಂಘದಿಂದ ಸಾಲ ಕೊಡುವ ಮಾತು ಬಂದಾಗ ಹಿರಿಯರೊಬ್ಬರು ಎದ್ದು ನಿಂತು ಒಂದು ಪ್ರಶ್ನೆ ಹಾಕಿದರು. ಎಮ್ಮೆ ಸಾಲಕ್ಕೆ ಎಮ್ಮೆಯೇ ಆಧಾರ, ಬಾವಿ ಸಾಲಕ್ಕೆ ಹೊಲದ ಉತಾರ ಆಧಾರ, ಓದಿನ ಸಾಲಕ್ಕೆ ಆಧಾರ ಯಾವುದು ಅಂತ. ನಮಗೆ ಆಗ ಉತ್ತರ ಹೊಳೆಯಲಿಲ್ಲ. ವಿಷಯ ಮುಂದಕ್ಕೆ ಹೋಯಿತು. ಈ ಬರಹ ಆ ಹಿರಿಯರಿಗೆ ನಾವು ಕೊಡುವ ತಡವಾದ ಉತ್ತರ ಅಂತ ತಿಳಿಯಿರಿ.

ಒಡವೆ ಅಡವಿಟ್ಟು ಪುಸ್ತಕ

ಭೀಮರಾಯರು ಹುಟ್ಟಿದ್ದು 1891ರ ಏಪ್ರಿಲ್ 14ರಂದು, ಮಧ್ಯ ಭಾರತದ ಮಹೂ ದಂಡು ಪ್ರದೇಶದಲ್ಲಿ. ತಂದೆ ರಾಮಜಿ ಸಕ್ಪಾಲರು ಸೈನ್ಯದಲ್ಲಿ ಸುಬೇದಾರರು, ಸೈನ್ಯದ ಶಾಲೆಯಲ್ಲಿ ಪಾಠ ಹೇಳಿದವರು. ತಾಯಿ ಭೀಮಾಬಾಯಿ. ತಂದೆ ತಾಯಿಗೆ ಇವರು ಹದಿನಾಲ್ಕನೆಯ ಮಗು. ಮೂಲ ಊರು ರತ್ನಾಗಿರಿ ಜಿಲ್ಲೆಯ ಅಂಬಡವೆ. ಜಾತಿಯಲ್ಲಿ ಮಹಾರರು, ಆಗಿನ ಕಾಲಕ್ಕೆ ಅಸ್ಪೃಶ್ಯರು. ತಾಯಿ ತೀರಿಕೊಂಡಾಗ ಹುಡುಗ ಇನ್ನೂ ಚಿಕ್ಕವನು.

ಸಾತಾರದ ಶಾಲೆಯಲ್ಲಿ ಅವರು ಮನೆಯಿಂದ ಒಯ್ದ ಗೋಣಿತಟ್ಟಿನ ಮೇಲೆ ಬೇರೆಯಾಗಿ ಕೂರಬೇಕಿತ್ತು. ನೀರಡಿಕೆಯಾದರೆ ತಾವೇ ನಲ್ಲಿ ಮುಟ್ಟುವಂತಿರಲಿಲ್ಲ. ಜವಾನ ಬಂದು ನಲ್ಲಿ ತಿರುಗಿಸಬೇಕು, ಜವಾನ ಇಲ್ಲದ ದಿನ ನೀರೂ ಇಲ್ಲ. ಇದು ದೂರದ ಊರಿನ ಕಥೆ ಅಂತ ನಾವು ತಿಳಿಯಬೇಕಾಗಿಲ್ಲ. ಹೋಟೆಲಿನ ಹಿಂಬದಿಗೆ ಬೇರೆ ಲೋಟ ಇಡುತ್ತಿದ್ದ ಕಾಲವನ್ನು ನಮ್ಮ ಭಾಗದ ಹಿರಿಯರೂ ಕಣ್ಣಾರೆ ಕಂಡವರೇ.

ಮುಂದೆ ಸಂಸಾರ ಮುಂಬೈಗೆ ಬಂತು. ಗಿರಣಿ ಕೆಲಸಗಾರರ ಚಾಳಿನಲ್ಲಿ ಒಂದೇ ಕೋಣೆ. ಅದರಲ್ಲೇ ಅಡುಗೆ, ಅದರಲ್ಲೇ ನಿದ್ದೆ, ಅದರಲ್ಲೇ ಓದು. ತಂದೆ ನಡುರಾತ್ರಿ ಎರಡು ಗಂಟೆಗೆ ಮಗನನ್ನು ಎಬ್ಬಿಸಿ ಓದಲು ಕೂರಿಸಿ, ಆಮೇಲೆ ಆ ಜಾಗದಲ್ಲಿ ತಾವು ಮಲಗುತ್ತಿದ್ದರಂತೆ. ಮಗನಿಗೆ ಹೊಸ ಪುಸ್ತಕದ ಹುಚ್ಚು. ಕೈಯಲ್ಲಿ ದುಡ್ಡಿಲ್ಲದಾಗ ರಾಮಜಿಯವರು ಮದುವೆಯಾಗಿ ಹೋದ ಹೆಣ್ಣುಮಕ್ಕಳ ಮನೆಗೆ ಹೋಗಿ ಅವರ ಒಡವೆ ಕೇಳಿ ತಂದು ಅಡವಿಡುತ್ತಿದ್ದರು. ಪಿಂಚಣಿ ಬಂದ ದಿನ ಬಿಡಿಸಿ ತಿರುಗಿ ಕೊಡುತ್ತಿದ್ದರು. ಅಂಬೇಡ್ಕರರ ಓದಿನ ಮೊದಲ ಸಾಲ ಇದೇ. ಕೊಟ್ಟವರು ಅಕ್ಕಂದಿರು, ಆಧಾರ ಅಪ್ಪನ ಮಾತು.

1907ರಲ್ಲಿ ಮೆಟ್ರಿಕ್ ಪಾಸಾಯಿತು. ಬಂದ ಅಂಕ 750ಕ್ಕೆ 282. ಈ ಅಂಕವನ್ನು ನಮ್ಮ ಮಕ್ಕಳಿಗೆ ಹೇಳಲೇಬೇಕು. ಅಂಕ ಕಡಿಮೆ ಬಂತೆಂದು ಹುಡುಗನ ಕೈಯಿಂದ ಪುಸ್ತಕ ಕಿತ್ತುಕೊಳ್ಳುವ ತಂದೆ ತಾಯಿಗೂ ಹೇಳಬೇಕು. ಎಲ್ಫಿನ್‌ಸ್ಟನ್ ಕಾಲೇಜು ಸೇರಿದಾಗ ಬರೋಡೆಯ ಮಹಾರಾಜ ಸಯಾಜಿರಾವ್ ಗಾಯಕವಾಡರು ತಿಂಗಳಿಗೆ 25 ರೂಪಾಯಿ ವಿದ್ಯಾರ್ಥಿವೇತನ ಕೊಟ್ಟರು. ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಓದಿ ಬಿ.ಎ. ಆದರು. 1913ರ ಆರಂಭದಲ್ಲಿ ಬರೋಡೆಯ ನೌಕರಿಗೆ ಹೋದರು. ಕೆಲವೇ ದಿನಗಳಲ್ಲಿ ತಂದೆಗೆ ಕಾಯಿಲೆ ಅಂತ ಸುದ್ದಿ ಬಂತು. ಮನೆ ಮುಟ್ಟುವ ಹೊತ್ತಿಗೆ ಅಂತ್ಯಕಾಲ. ಫೆಬ್ರವರಿ 2ರಂದು ರಾಮಜಿಯವರು ಕಣ್ಣು ಮುಚ್ಚಿದರು.

ನ್ಯೂಯಾರ್ಕಿನಲ್ಲಿ ಮೂರು ವರ್ಷ

ಅದೇ ವರ್ಷ ಸಯಾಜಿರಾಯರು ಇವರನ್ನು ಅಮೆರಿಕಕ್ಕೆ ಕಳಿಸಲು ಮನಸ್ಸು ಮಾಡಿದರು. ತಿಂಗಳಿಗೆ ಹನ್ನೊಂದೂವರೆ ಪೌಂಡಿನಂತೆ ಮೂರು ವರ್ಷ ವೇತನ. ಕರಾರೂ ಇತ್ತು: ಓದು ಮುಗಿಸಿ ಬಂದು ಹತ್ತು ವರ್ಷ ಬರೋಡೆ ಸಂಸ್ಥಾನದ ಚಾಕರಿ ಮಾಡಬೇಕು. ಕಾಗದಕ್ಕೆ ಸಹಿ ಬಿತ್ತು. 1913ರ ಜುಲೈಯಲ್ಲಿ 22 ವರ್ಷದ ಯುವಕ ನ್ಯೂಯಾರ್ಕಿನಲ್ಲಿ ಇಳಿದರು.

ಅಲ್ಲಿ ಗೋಣಿತಟ್ಟು ಇರಲಿಲ್ಲ. ಎಲ್ಲರ ಜೊತೆ ಒಂದೇ ಮೇಜಿನ ಮುಂದೆ ಊಟ, ಒಂದೇ ಬೆಂಚಿನ ಮೇಲೆ ಪಾಠ. ಈ ಸ್ವಾತಂತ್ರ್ಯ ಸಿಕ್ಕಿದಾಗ ಮೆರೆಯುವ ವಯಸ್ಸು. ಅವರು ಗ್ರಂಥಾಲಯಕ್ಕೆ ಅಂಟಿಕೊಂಡರು. ಅರ್ಥಶಾಸ್ತ್ರ ಒಂದರಲ್ಲೇ 29 ಕೋರ್ಸುಗಳನ್ನು ತೆಗೆದುಕೊಂಡರು. ಜೊತೆಗೆ ಇತಿಹಾಸ, ಸಮಾಜಶಾಸ್ತ್ರ, ತತ್ವಶಾಸ್ತ್ರ. ಸಾರ್ವಜನಿಕ ಹಣಕಾಸಿನಲ್ಲಿ ಹೆಸರಾಂತ ಎಡ್ವಿನ್ ಸೆಲಿಗ್ಮನ್ ಅವರ ಗುರುಗಳು. ಜಾನ್ ಡ್ಯೂಯಿಯವರ ಪಾಠವನ್ನೂ ಕೇಳಿದರು. ವೇತನದಲ್ಲಿ ಉಳಿಸಿ ಊರಿಗೆ ಹಣ ಕಳಿಸಬೇಕು, ಹಳೆ ಪುಸ್ತಕದಂಗಡಿಯಲ್ಲಿ ಪುಸ್ತಕವನ್ನೂ ಕೊಳ್ಳಬೇಕು. ಹೊಟ್ಟೆ ಕಟ್ಟಿ ಎರಡು ಸಾವಿರದಷ್ಟು ಪುಸ್ತಕ ಕೂಡಿಹಾಕಿದರು.

1915ರಲ್ಲಿ ಎಂ.ಎ. ಆಯಿತು. ಮುಂದೆ ಪಿಎಚ್.ಡಿ. ಈ ಪದವಿ ಬರೀ ಪರೀಕ್ಷೆ ಬರೆದು ಸಿಗುವಂಥದ್ದಲ್ಲ. ಯಾರೂ ಅಗೆಯದ ಕಡೆ ತಾನೇ ಬಾವಿ ತೋಡಿ ನೀರು ತೋರಿಸಬೇಕು, ತಿಳಿದವರು ಬಂದು ಆ ನೀರು ಕುಡಿದು ನೋಡಿ ಹೌದು ಅನ್ನಬೇಕು. ಅಂಬೇಡ್ಕರರು ಆರಿಸಿಕೊಂಡದ್ದು ಬ್ರಿಟಿಷ್ ಭಾರತದ ಹಣಕಾಸನ್ನು. ರೈತ ಕಟ್ಟಿದ ಕಂದಾಯ, ಉಪ್ಪಿನ ತೆರಿಗೆ ಇವು ಎಲ್ಲಿಗೆ ಹೋಗುತ್ತವೆ, ಕೇಂದ್ರ ಸರ್ಕಾರ ಎಷ್ಟು ಇಟ್ಟುಕೊಳ್ಳುತ್ತದೆ, ಪ್ರಾಂತಗಳಿಗೆ ಎಷ್ಟು ಬಿಡುತ್ತದೆ ಎಂಬುದನ್ನು 1833ರಿಂದ ಹಿಡಿದು ಬಿಡಿಸಿ ನೋಡಿದರು. ಈ ಪ್ರಬಂಧವನ್ನು ಕೊಲಂಬಿಯಾ 1917ರಲ್ಲಿ ಒಪ್ಪಿಕೊಂಡಿತು. ಆದರೆ ಪದವಿ ಕೈಗೆ ಬರಲಿಲ್ಲ. ಪ್ರಬಂಧವನ್ನು ಅಚ್ಚು ಹಾಕಿಸಿ ಪ್ರತಿಗಳನ್ನು ಒಪ್ಪಿಸಬೇಕು ಅಂತ ಅಲ್ಲಿಯ ನಿಯಮ. ಅಚ್ಚಿಗೆ ದುಡ್ಡೆಲ್ಲಿ? ಆ ಪುಸ್ತಕ ಹೊರಬಂದದ್ದು 1925ರಲ್ಲಿ, ಸೆಲಿಗ್ಮನ್ನರ ಮುನ್ನುಡಿಯೊಂದಿಗೆ. ಪದವಿ ಬಂದದ್ದು 1927ರ ಜೂನ್‌ನಲ್ಲಿ. ಒಪ್ಪಿಗೆಯಾದ ಹತ್ತು ವರ್ಷಕ್ಕೆ! ಪುಸ್ತಕವನ್ನು ಅವರು ಅರ್ಪಿಸಿದ್ದು ಸಯಾಜಿರಾವ್ ಮಹಾರಾಜರಿಗೆ.

ಬರೋಡೆಯ ಹನ್ನೊಂದು ದಿನ

1916ರಲ್ಲೇ ಅವರು ಲಂಡನ್ನಿಗೆ ಹೋಗಿ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಸೇರಿದ್ದರು. ಬ್ಯಾರಿಸ್ಟರಿಕೆಗೆ ಗ್ರೇಸ್ ಇನ್ ಕೂಡ ಸೇರಿದ್ದರು. ಅಷ್ಟರಲ್ಲಿ ವೇತನದ ಅವಧಿ ಮುಗಿಯಿತು, ಬರೋಡೆಯಿಂದ ಕರೆ ಬಂತು. ನಾಲ್ಕು ವರ್ಷದೊಳಗೆ ಮರಳಿ ಬಂದು ಓದು ಮುಂದುವರಿಸಲು ಅನುಮತಿ ಪಡೆದು 1917ರ ಆಗಸ್ಟಿನಲ್ಲಿ ಮುಂಬೈಗೆ ಬಂದರು. ಮೊದಲನೆಯ ಮಹಾಯುದ್ಧದ ಕಾಲ. ಅವರ ಸಾಮಾನು ಹೊತ್ತ ಹಡಗನ್ನು ಜರ್ಮನರು ಮುಳುಗಿಸಿದರು. ಹೊಟ್ಟೆ ಕಟ್ಟಿ ಕೊಂಡಿದ್ದ ಪುಸ್ತಕಗಳ ದೊಡ್ಡ ಪಾಲು ಸಮುದ್ರ ಸೇರಿತು. ಸಾಮಾನಿಗೆ ಸಿಕ್ಕ ಪರಿಹಾರದ ಹಣದಿಂದಲೇ ಬರೋಡೆಗೆ ಹೋಗುವ ಖರ್ಚು ನಡೆಯಿತು ಅಂತಾರೆ.

ಮಾತಿನಂತೆ ಚಾಕರಿಗೆ ಹೋದರು. ಇಡೀ ಊರಿನಲ್ಲಿ ಅವರಿಗೆ ಬಾಡಿಗೆಗೆ ಒಂದು ಕೋಣೆ ಸಿಗಲಿಲ್ಲ. ಪಾರ್ಸಿಗಳ ವಸತಿಗೃಹವೊಂದರಲ್ಲಿ ಪಾರ್ಸಿ ಹೆಸರಿಟ್ಟುಕೊಂಡು ಉಳಿದರು. ಕಚೇರಿಯಲ್ಲಿ ಜವಾನರು ಮೈಲಿಗೆ ಅಂತ ಕಡತಗಳನ್ನು ದೂರದಿಂದ ಎಸೆಯುತ್ತಿದ್ದರು. ಹನ್ನೊಂದನೆಯ ದಿನ ಹತ್ತು ಹನ್ನೆರಡು ಜನ ದೊಣ್ಣೆ ಹಿಡಿದು ಬಂದು ಕೋಣೆ ಬಿಡಿಸಿದರು. ಸ್ನೇಹಿತರೂ ಒಳಗೆ ಕರೆಯಲು ಹಿಂಜರಿದರು. ಕೊಲಂಬಿಯಾದ ಎಂ.ಎ., ಪಿಎಚ್.ಡಿ. ಪ್ರಬಂಧ ಒಪ್ಪಿಸಿದವರು, ಸಾರ್ವಜನಿಕ ಉದ್ಯಾನದಲ್ಲಿ ಐದು ತಾಸು ಕೂತು ರಾತ್ರಿಯ ರೈಲಿಗೆ ಮುಂಬೈಗೆ ಮರಳಿದರು.

ಸದಸ್ಯರೇ, ಇಲ್ಲಿ ಸ್ವಲ್ಪ ನಿಲ್ಲೋಣ. ಕರಾರು ಮುರಿದದ್ದು ಯಾರು? ಕಾಗದದ ಮೇಲೆ ನೋಡಿದರೆ ಹತ್ತು ವರ್ಷ ದುಡಿಯದೆ ಹೋದವರು ಅಂಬೇಡ್ಕರರು. ಆದರೆ ದುಡಿಯಲು ಬಂದವನಿಗೆ ತಲೆ ಮೇಲೆ ಸೂರು ಕೊಡದ ಊರಿನದೇನು? ಸಾಲ ಕೊಟ್ಟ ಸಂಸ್ಥೆ ಎಷ್ಟೇ ಒಳ್ಳೆಯದಿದ್ದರೂ ಸುತ್ತಲಿನ ಸಮಾಜ ಬಾಗಿಲು ಹಾಕಿದರೆ ಸಾಲಗಾರ ಏನು ಮಾಡಬೇಕು? ಬಾಕಿದಾರರ ಪಟ್ಟಿ ಓದುವಾಗ ನಾವೂ ಈ ಪ್ರಶ್ನೆ ಕೇಳಿಕೊಳ್ಳಬೇಕು.

ಹೊಲ ಸಣ್ಣದೋ, ಬಂಡವಾಳ ಸಣ್ಣದೋ

1918ರಲ್ಲಿ ಅವರು ಭಾರತದ ಸಣ್ಣ ಹಿಡುವಳಿಗಳ ಬಗ್ಗೆ ಒಂದು ಲೇಖನ ಪ್ರಕಟಿಸಿದರು. ಇದು ನಮ್ಮ ರೈತ ಸದಸ್ಯರು ತಿಳಿಯಬೇಕಾದ ಮಾತು. ಹೊಲ ಹಂಚಿ ಹಂಚಿ ತುಂಡಾಗಿದೆ, ಅದಕ್ಕೇ ಬೇಸಾಯ ಕೆಟ್ಟಿದೆ, ತುಂಡುಗಳನ್ನು ಕೂಡಿಸಿಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂದು ಆಗಿನ ಪಂಡಿತರು ಹೇಳುತ್ತಿದ್ದರು. ಅಂಬೇಡ್ಕರರು ಬೇರೆ ದಾರಿ ಹಿಡಿದರು. ಹೊಲ ಸಣ್ಣದೋ ದೊಡ್ಡದೋ ಎಂಬುದು ಎಕರೆ ಲೆಕ್ಕದಿಂದ ಗೊತ್ತಾಗುವುದಿಲ್ಲ, ರೈತನ ಹತ್ತಿರ ಇರುವ ಎತ್ತು, ನೇಗಿಲು, ಬಂಡವಾಳ, ಆಳು ಇವಕ್ಕೆ ಹೋಲಿಸಿ ನೋಡಬೇಕು ಅಂದರು. ಆ ಲೆಕ್ಕದಲ್ಲಿ ನಮ್ಮ ರೈತನ ಹೊಲ ಸಣ್ಣದಾಗಿರುವುದಕ್ಕಿಂತ, ಅವನ ಬಂಡವಾಳಕ್ಕೆ ದೊಡ್ಡದಾಗಿದೆ! ಜೋಡೆತ್ತಿಲ್ಲದವನಿಗೆ ಎರಡು ಎಕರೆಯೂ ಭಾರವೇ. ಅದರ ಜೊತೆಗೆ ಹೊಲದ ಮೇಲೆ ಬದುಕುವ ಬಾಯಿಗಳು ಹೆಚ್ಚು, ಕೆಲಸ ಕಡಿಮೆ. ಆದ್ದರಿಂದ ಕೈಗಾರಿಕೆ ಬೆಳೆದು ಹೆಚ್ಚಿನ ಕೈಗಳಿಗೆ ಬೇರೆ ಕೆಲಸ ಸಿಗದೆ ಬೇಸಾಯ ಸುಧಾರಿಸದು ಎಂಬುದು ಅವರ ತೀರ್ಮಾನ. ಪತ್ತಿನ ಸಂಘ ಏಕೆ ಬೇಕು ಎಂಬುದಕ್ಕೆ ಇದಕ್ಕಿಂತ ಗಟ್ಟಿ ಕಾರಣ ನಮಗೆ ಸಿಕ್ಕಿಲ್ಲ.

ಅದೇ ವರ್ಷ ನವೆಂಬರಿನಲ್ಲಿ ಮುಂಬೈಯ ಸಿಡೆನ್‌ಹ್ಯಾಂ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕರಾದರು. ಪಾಠಕ್ಕೆ ಹುಡುಗರು ಮುಗಿಬಿದ್ದರು. ಆದರೆ ಅಧ್ಯಾಪಕರ ಕೋಣೆಯ ನೀರಿನ ಕೊಡವನ್ನು ಇವರು ಮುಟ್ಟಬಾರದು ಅಂತ ಕೆಲವು ಸಹೋದ್ಯೋಗಿಗಳ ತಕರಾರು. ಸಂಬಳದಲ್ಲಿ ಪೈಸೆ ಪೈಸೆ ಉಳಿಸಿದರು. ಅರ್ಧಕ್ಕೆ ನಿಂತ ಓದು ಕರೆಯುತ್ತಿತ್ತು.

ಮತ್ತೆ ಲಂಡನ್, ಮತ್ತೆ ಸಾಲ

1920ರ ಜುಲೈಯಲ್ಲಿ ಹೊರಟರು. ತಮ್ಮ ಉಳಿತಾಯ ಸಾಲಲಿಲ್ಲ. ಕೊಲ್ಲಾಪುರದ ಶಾಹು ಮಹಾರಾಜರು ನೆರವಾದರು. ನ್ಯೂಯಾರ್ಕಿನಲ್ಲಿ ಜೊತೆಗಿದ್ದ ಪಾರ್ಸಿ ಗೆಳೆಯ ನವಲ್ ಭಥೇನಾ 5,000 ರೂಪಾಯಿ ಸಾಲ ಕೊಟ್ಟರು. ನೋಡಿ, ಬರೋಡೆಯಲ್ಲಿ ದೊಣ್ಣೆ ಹಿಡಿದು ಬಂದವರೂ ಪಾರ್ಸಿಗಳೇ, ಕೈಹಿಡಿದ ಗೆಳೆಯನೂ ಪಾರ್ಸಿಯೇ. ಜಾತಿ ನೋಡಿ ಮನುಷ್ಯನನ್ನು ಅಳೆಯಬಾರದು ಎಂಬುದಕ್ಕೆ ಬೇರೆ ಉದಾಹರಣೆ ಬೇಕೆ?

ಲಂಡನ್ನಿನಲ್ಲಿ ಬೆಳಿಗ್ಗೆ ಅರೆಹೊಟ್ಟೆ ಉಪಾಹಾರ ಮಾಡಿ ಬ್ರಿಟಿಷ್ ಮ್ಯೂಸಿಯಂ ಗ್ರಂಥಾಲಯದಲ್ಲಿ ಕೂತರೆ ಸಂಜೆ ಬಾಗಿಲು ಹಾಕುವವರೆಗೆ ಏಳುತ್ತಿರಲಿಲ್ಲ. ರಾತ್ರಿ ಹಸಿವಾದರೆ ಊರ ಕಡೆಯಿಂದ ಬಂದ ಹಪ್ಪಳ ಸುಟ್ಟು ತಿಂದು ಮತ್ತೆ ಓದುತ್ತಿದ್ದರೆಂದು ಅವರ ಚರಿತ್ರೆ ಬರೆದವರು ಹೇಳುತ್ತಾರೆ. ಇತ್ತ ಮುಂಬೈಯಲ್ಲಿ ಹೆಂಡತಿ ರಮಾಬಾಯಿಯವರದು ಇನ್ನೊಂದು ತಪಸ್ಸು. ಗಂಡ ಸಮುದ್ರದಾಚೆ, ಕೈಯಲ್ಲಿ ಕಾಸಿಲ್ಲ, ಮನೆ ತುಂಬ ಜನ. ಆ ದಂಪತಿಗೆ ಹುಟ್ಟಿದ ಐದು ಮಕ್ಕಳಲ್ಲಿ ಬದುಕಿ ಉಳಿದದ್ದು ಯಶವಂತ ಒಬ್ಬರೇ. ಆ ಡಾಕ್ಟರೇಟಿನ ಲೆಕ್ಕದಲ್ಲಿ ಆಕೆಯ ಪಾಲು ಎಷ್ಟು ಅಂತ ಯಾವ ವಿಶ್ವವಿದ್ಯಾಲಯ ಬರೆದೀತು? 1935ರಲ್ಲಿ ಆಕೆ ತೀರಿಕೊಂಡರು. ಮುಂದೆ ಪಾಕಿಸ್ತಾನದ ವಿಚಾರವಾಗಿ ಬರೆದ ದೊಡ್ಡ ಗ್ರಂಥವನ್ನು ಅವರು ರಮಾಬಾಯಿಯ ನೆನಪಿಗೆ ಅರ್ಪಿಸಿದರು.

1921ರಲ್ಲಿ ಎಂ.ಎಸ್ಸಿ. ಬಂತು, 1922ರಲ್ಲಿ ಬ್ಯಾರಿಸ್ಟರ್ ಆದರು. ಅದೇ ಅಕ್ಟೋಬರಿನಲ್ಲಿ ಡಿ.ಎಸ್ಸಿ.ಗೆ ಪ್ರಬಂಧ ಒಪ್ಪಿಸಿದರು. ವಿಷಯ ರೂಪಾಯಿಯ ಸಮಸ್ಯೆ. ಆಗಿನ ರೂಪಾಯಿ ಬೆಳ್ಳಿಯದು, ಇಂಗ್ಲೆಂಡಿನ ನಾಣ್ಯ ಚಿನ್ನದ್ದು. 1873ರ ನಂತರ ಬೆಳ್ಳಿ ಬೆಲೆ ಬೀಳುತ್ತಾ ಹೋಗಿ ರೂಪಾಯಿ ಬೆಲೆಯೂ ಬಿತ್ತು. 1893ರಲ್ಲಿ ಸರ್ಕಾರ ಜನರ ಬೆಳ್ಳಿಗೆ ಟಂಕಸಾಲೆಯ ಬಾಗಿಲು ಮುಚ್ಚಿತು. ಆಮೇಲೆ ಸರ್ಕಾರವೇ ತನಗೆ ಬೇಕಾದಷ್ಟು ನಾಣ್ಯ ಹೊರಡಿಸಿ, ಲಂಡನ್ನಿನಲ್ಲಿಟ್ಟ ಚಿನ್ನದ ನಿಧಿಯ ಬಲದಿಂದ ಬೆಲೆ ಕಾಪಾಡುವ ಪದ್ಧತಿ ಬಂತು. ಕೇನ್ಸ್ ಎಂಬ ದೊಡ್ಡ ಅರ್ಥಶಾಸ್ತ್ರಜ್ಞರು ಇದನ್ನು ಮೆಚ್ಚಿ 1913ರಲ್ಲೇ ಪುಸ್ತಕ ಬರೆದಿದ್ದರು. ಅಂಬೇಡ್ಕರರು ಒಪ್ಪಲಿಲ್ಲ. ನಾಣ್ಯ ಹೊರಡಿಸುವವನ ಕೈಗೆ ಕಡಿವಾಣ ಇಲ್ಲದಿದ್ದರೆ ಬೆಲೆಗಳು ಏರುತ್ತವೆ, ಪೆಟ್ಟು ಬೀಳುವುದು ಬಡವನಿಗೆ. ಪರದೇಶದ ಹಣದೆದುರು ರೂಪಾಯಿ ಸ್ಥಿರವಾಗಿದ್ದರೆ ಸಾಲದು, ಸಂತೆಯಲ್ಲಿ ಕಾಳುಕಡಿ ಎದುರೂ ಸ್ಥಿರವಾಗಿರಬೇಕು. ಇದು ಅವರ ವಾದದ ತಿರುಳು.

ಪ್ರಬಂಧ ಒಪ್ಪಿಸಿ ಜರ್ಮನಿಯ ಬಾನ್ ವಿಶ್ವವಿದ್ಯಾಲಯಕ್ಕೆ ಓದಲು ಹೋಗಿದ್ದಾಗ 1923ರ ಮಾರ್ಚಿನಲ್ಲಿ ಗುರು ಎಡ್ವಿನ್ ಕ್ಯಾನನ್ನರಿಂದ ಕರೆ ಬಂತು. ಪರೀಕ್ಷಕರಿಗೆ ಪ್ರಬಂಧ ಒಪ್ಪಿಗೆಯಾಗಿಲ್ಲ, ತಿದ್ದಿ ಬರೆಯಬೇಕು. ಬ್ರಿಟಿಷ್ ಆಡಳಿತದ ಮೇಲಿನ ಟೀಕೆ ಕಟುವಾಯಿತು ಎಂಬುದೇ ಕಾರಣ ಅನ್ನುತ್ತಾರೆ. ಕೈಯಲ್ಲಿದ್ದ ಹಣ ಕರಗಿತ್ತು. ಏಪ್ರಿಲಿನಲ್ಲಿ ಮುಂಬೈಗೆ ಮರಳಿದರು. ಬಾಂಧವರೇ, ಅವರ ಮನಸ್ಸು ಹೇಗಿದ್ದಿರಬಹುದು? ಎರಡು ಖಂಡ ಸುತ್ತಿದ್ದಾಯಿತು, ಸಾಲ ತಲೆ ಮೇಲೆ, ಮೂವತ್ತೆರಡು ವರ್ಷ ವಯಸ್ಸು. ಅಮೆರಿಕದ ಡಾಕ್ಟರೇಟು ಅಚ್ಚಿಗೆ ಕಾಯುತ್ತಿದೆ, ಲಂಡನ್ನಿನದು ತಿರುಗಿ ಬಂದಿದೆ. ಆದರೂ ಚಾಳಿನ ಮನೆಯಲ್ಲಿ ಕೂತು ಮತ್ತೆ ಬರೆದರು. ಮಾತಿನ ಧಾಟಿ ತಿದ್ದಿದರು, ತೀರ್ಮಾನ ಬಿಟ್ಟುಕೊಡಲಿಲ್ಲ. ಆಗಸ್ಟಿನಲ್ಲಿ ಕಳಿಸಿದರು. ನವೆಂಬರಿನಲ್ಲಿ ಡಿ.ಎಸ್ಸಿ. ಬಂತು. ವರ್ಷದ ಕೊನೆಗೆ ಲಂಡನ್ನಿನಲ್ಲಿ ಪುಸ್ತಕವಾಯಿತು. ಕ್ಯಾನನ್ನರು ಅದಕ್ಕೆ ಮುನ್ನುಡಿ ಬರೆದು, ಶಿಷ್ಯನ ಹಲವು ಮಾತು ತಮಗೆ ಒಪ್ಪಿಗೆ ಇಲ್ಲ ಎಂದು ಅದರಲ್ಲೇ ಹೇಳಿದರು. ಒಪ್ಪದಿದ್ದರೂ ಮುನ್ನುಡಿ ಬರೆಯುವ ಗುರು, ಗುರುವಿಗೂ ತಲೆಬಾಗದ ಶಿಷ್ಯ! ಆ ಪುಸ್ತಕದ ಅರ್ಪಣೆ ತಂದೆ ತಾಯಿಗೆ. ಅಡವಿಟ್ಟ ಒಡವೆಯ ನೆನಪು ಮಾಸಿರಲಿಲ್ಲ.

ಸಾಲ ತೀರಿಸಿದ ಬಗೆ

ಇನ್ನು ಲೆಕ್ಕ ನೋಡೋಣ. 1925ರ ಡಿಸೆಂಬರಿನಲ್ಲಿ ಹಿಲ್ಟನ್ ಯಂಗ್ ಆಯೋಗದ ಮುಂದೆ ರೂಪಾಯಿಯ ಬಗ್ಗೆ ಸಾಕ್ಷ್ಯ ಹೇಳಿದರು. ಆ ಆಯೋಗ 1926ರಲ್ಲಿ ದೇಶಕ್ಕೊಂದು ಕೇಂದ್ರ ಬ್ಯಾಂಕು ಬೇಕೆಂದು ವರದಿ ಕೊಟ್ಟಿತು. 1935ರ ಏಪ್ರಿಲ್ 1ರಂದು ರಿಸರ್ವ್ ಬ್ಯಾಂಕು ಶುರುವಾಯಿತು. ಬ್ಯಾಂಕನ್ನು ಅವರೊಬ್ಬರೇ ಕಟ್ಟಿದರು ಅನ್ನುವುದು ಅತಿಯಾದೀತು. ಆದರೆ ಆ ಚರ್ಚೆಯಲ್ಲಿ ಬಡವನ ಸಂತೆಚೀಲದ ಪರವಾಗಿ ಮಾತಾಡಿದವರಲ್ಲಿ ಅವರಿದ್ದರು.

1927ರಲ್ಲಿ ಮುಂಬೈ ವಿಧಾನ ಪರಿಷತ್ತಿನ ಸದಸ್ಯರಾದರು. ಆಗ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಎಲ್ಲ ಮುಂಬೈ ಪ್ರಾಂತಕ್ಕೇ ಸೇರಿದ್ದವು. ಆ ಅಕ್ಟೋಬರಿನಲ್ಲಿ ಸಣ್ಣ ಹಿಡುವಳಿಗಳ ಮಸೂದೆ ಬಂತು. ತುಂಡು ಹೊಲಗಳನ್ನು ಕೂಡಿಸುವ ನೆಪದಲ್ಲಿ ಸಣ್ಣ ರೈತ ಹೊಲವನ್ನೇ ಕಳಕೊಳ್ಳುತ್ತಾನೆ ಎಂದು ಅಂಬೇಡ್ಕರರು ವಿರೋಧಿಸಿದರು. ಅದಕ್ಕಿಂತ ಒಡೆತನ ಅವರವರಲ್ಲೇ ಇರಲಿ, ಬೇಸಾಯವನ್ನು ಸಹಕಾರದಿಂದ ಕೂಡಿ ಮಾಡಲಿ ಎಂಬ ದಾರಿ ತೋರಿಸಿದರು. ಇದೇ ಪ್ರಾಂತದ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲೇ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ್ದರು. ಆ ಗಿಡದ ಒಂದು ಟೊಂಗೆ ನಮ್ಮ ಈ ಸಂಘ. ಆದ್ದರಿಂದ ಬಾಬಾಸಾಹೇಬರ ಆ ಮಾತು ನಮಗೆ ಮನೆಯ ಮಾತು.

1937ರಲ್ಲಿ ಕೊಂಕಣದ ಗೇಣಿದಾರರನ್ನು ಹಿಂಡುತ್ತಿದ್ದ ಖೋತಿ ಪದ್ಧತಿ ತೆಗೆಯಲು ಮಸೂದೆ ತಂದರು. ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷರಾದುದು ಎಲ್ಲರಿಗೂ ಗೊತ್ತು. ಕೇಂದ್ರ ಮತ್ತು ರಾಜ್ಯಗಳ ನಡುವೆ ತೆರಿಗೆ ಹಂಚಲು ಹಣಕಾಸು ಆಯೋಗ ಇರಬೇಕೆಂದು ಸಂವಿಧಾನದ 280ನೇ ವಿಧಿ ಹೇಳುತ್ತದೆ. ಕೊಲಂಬಿಯಾದ ಆ ಹಳೆಯ ಪ್ರಬಂಧದ ವಿಷಯವೂ ಇದೇ ಹಂಚಿಕೆ. 1945ರಲ್ಲಿ ಪೀಪಲ್ಸ್ ಎಜುಕೇಷನ್ ಸೊಸೈಟಿ ಕಟ್ಟಿ, 1946ರಲ್ಲಿ ಮುಂಬೈಯಲ್ಲಿ ಸಿದ್ಧಾರ್ಥ ಕಾಲೇಜು ತೆರೆದರು. ತಾವು ಹತ್ತಿದ ಏಣಿಯನ್ನು ಮೇಲೆಳೆದುಕೊಳ್ಳಲಿಲ್ಲ. 1956ರ ಡಿಸೆಂಬರ್ 6ರಂದು ಅವರು ಪರಿನಿರ್ವಾಣ ಹೊಂದಿದರು.

ಅವರು ಲಂಡನ್ನಿನಲ್ಲಿ ಬಾಡಿಗೆಗಿದ್ದ ಮನೆಯನ್ನು ಮಹಾರಾಷ್ಟ್ರ ಸರ್ಕಾರ 2015ರಲ್ಲಿ ಕೊಂಡು ಸ್ಮಾರಕ ಮಾಡಿದೆ. ಬೆಂಗಳೂರಿನಲ್ಲಿ 2017ರಲ್ಲಿ ಅವರ ಹೆಸರಿನ ಸ್ಕೂಲ್ ಆಫ್ ಎಕನಾಮಿಕ್ಸ್ ಶುರುವಾಯಿತು. ನಮ್ಮ ಹಳ್ಳಿಯ ಮಕ್ಕಳೂ ಅಲ್ಲಿಯ ಬಾಗಿಲು ತಟ್ಟಬಹುದು. ಬಸ್ಸಿನ ಖರ್ಚು, ಪುಸ್ತಕದ ಖರ್ಚು, ಹಾಸ್ಟೆಲಿನ ಖರ್ಚು ಯಾರು ಕೊಡಬೇಕು ಎಂಬುದೇ ಉಳಿದ ಪ್ರಶ್ನೆ.

ಸಭೆಯಲ್ಲಿ ಎದ್ದು ಕೇಳಿದ ಹಿರಿಯರೇ, ತಮ್ಮ ಪ್ರಶ್ನೆ ಸರಿಯಾದದ್ದೇ. ಸಂಘದ ಹಣ ಎಲ್ಲರ ಬೆವರಿನ ಹಣ, ಆಧಾರ ಕೇಳಲೇಬೇಕು. ಓದಿನ ಸಾಲ ಎಲ್ಲವೂ ಹಣದ ರೂಪದಲ್ಲಿ ತಿರುಗಿ ಬಾರದೆ ಹೋಗಬಹುದು, ಒಂದೆರಡು ಮುಳುಗಲೂಬಹುದು. ಎಮ್ಮೆಯೂ ಸಾಯುತ್ತದೆ, ಬಾವಿಯೂ ಬತ್ತುತ್ತದೆ. ಆದರೂ ಆ ಸಾಲ ನಿಲ್ಲಿಸಿಲ್ಲ. ಅಕ್ಕಂದಿರು ಒಡವೆ ಕೊಡದಿದ್ದರೆ, ಮಹಾರಾಜರು ವೇತನ ಕೊಡದಿದ್ದರೆ, ಗೆಳೆಯ ಐದು ಸಾವಿರ ಕೊಡದಿದ್ದರೆ ಗೋಡೆಯ ಮೇಲಿನ ಆ ಹೆಸರಿನ ಹಿಂದೆ 'ಡಾ.' ಇರುತ್ತಿರಲಿಲ್ಲ. ಈ ವರ್ಷದ ಸರ್ವಸಾಧಾರಣ ಸಭೆಯಲ್ಲಿ ಓದಿನ ಸಾಲದ ವಿಷಯ ಮತ್ತೆ ಬರಲಿ, ಗಂಡುಮಕ್ಕಳಿಗಷ್ಟೇ ಅಲ್ಲ ಹೆಣ್ಣುಮಕ್ಕಳಿಗೂ, ಎಲ್ಲ ಓಣಿಯ ಮಕ್ಕಳಿಗೂ ಸಿಗುವ ಹಾಗೆ ತೀರ್ಮಾನವಾಗಲಿ ಎಂದು ಬೇಡಿಕೊಳ್ಳುತ್ತೇವೆ.